ಒತ್ತಕ್ಷರಕ್ಕೆ ಜಾಗ ಬಿಡಿ: ಸೆರಾಂಪುರದಿಂದ ಸೆಕ್ಟರ್ ಫೈವ್‌ವರೆಗೆ

ಇವತ್ತಿನ ಮಾತು ವೆಬ್ ಪುಟದ ಲೇಔಟ್ ಬಗ್ಗೆ, ಆದರೆ ಶುರು ಮಾಡೋದು 1817ರಿಂದ. ಆ ವರ್ಷ ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ ಸೆರಾಂಪುರದ ಮಿಷನ್ ಪ್ರೆಸ್‌ನಲ್ಲಿ ಅಚ್ಚಾಯಿತು. ಹೌರಾದಿಂದ ಲೋಕಲ್ ಹತ್ತಿದರೆ ಹೂಗ್ಲಿ ದಡದ ಆ ಊರು ಗಂಟೆಯೊಳಗೆ ಸಿಗುತ್ತೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ಶುರುವಾಗಿದ್ದು 1841ರಲ್ಲಿ. ಅದಕ್ಕೂ 24 ವರ್ಷ ಮೊದಲೇ ಬಂಗಾಳದಲ್ಲಿ ಕನ್ನಡಕ್ಕೆ ಅಚ್ಚುಮೊಳೆ ಇತ್ತು!

ನಮ್ಮ ಓಲೆಗರಿಯನ್ನು ನೆನಪು ಮಾಡಿಕೊಳ್ಳಿ. ಪದಗಳ ನಡುವೆ ಜಾಗ ಇಲ್ಲ. ನ್ಯಾವಿಗೇಶನ್ ಅಂದ್ರೆ ಗರಿಯ ಸಂಖ್ಯೆ, ಪೋಣಿಸಿದ ದಾರ, ಅಷ್ಟೇ. ಕಾವ್ಯ ಯಾವುದು, ಎಷ್ಟನೇ ಆಶ್ವಾಸ ಅನ್ನೋದು ಎಷ್ಟೋ ಕಡೆ ಆಶ್ವಾಸ ಮುಗಿದ ಮೇಲೆ ಗದ್ಯದಲ್ಲಿ ಬರುತ್ತೆ. ಇದನ್ನು ಕೊರತೆ ಅಂತ ನಾನು ಹೇಳಲ್ಲ. ಓದುವವರಿಗೆ ದಾರಿ ಮೊದಲೇ ಗೊತ್ತಿತ್ತು, ಗುರು ಪಕ್ಕದಲ್ಲೇ ಇದ್ದರು.

ಕೇರಿಯ ಪುಸ್ತಕದ ಓದುಗ ಬೇರೆ. ಕೇರಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಂಪನಿ ಅಧಿಕಾರಿಗಳಿಗೆ ಪಾಠ ಮಾಡ್ತಿದ್ದವರು. ಕನ್ನಡ ಬಾರದವನು ಪುಸ್ತಕವನ್ನು ನಡುವೆ ಎಲ್ಲೋ ತೆರೆದು ಬೇಕಾದದ್ದನ್ನು ಹುಡುಕಬೇಕು. ಅಧ್ಯಾಯ, ಶೀರ್ಷಿಕೆ, ಪುಟಸಂಖ್ಯೆ ಎಲ್ಲ ಅದಕ್ಕೇ. ನಮ್ಮ ಮೆನು, ಹೆಡ್ಡಿಂಗ್, ಲಿಂಕ್ ಮಾಡೋದೂ ಇದೇ ಕೆಲಸ.

ಆ ಪ್ರೆಸ್‌ನ ಅಕ್ಷರಗಳ ಹಿಂದೆ ಪಂಚಾನನ ಕರ್ಮಾಕರ್ ಮತ್ತು ಅವರ ಅಳಿಯ ಮನೋಹರ ಬೆಳೆಸಿದ ಮೊಳೆ ಕೊರೆಯುವ ಕಸುಬು ಇತ್ತು. 1812ರ ಮಾರ್ಚ್ 11ರಂದು ಅಲ್ಲಿ ಬೆಂಕಿ ಬಿದ್ದು ಹಲವು ಭಾಷೆಗಳ ಮೊಳೆಗಳೂ ಹಸ್ತಪ್ರತಿಗಳೂ ಹೋದವು. ಐದೇ ವರ್ಷದಲ್ಲಿ ಈ ಪುಸ್ತಕ ಬಂತು.

ಸೀಸದಲ್ಲಿ ಕನ್ನಡ ಜೋಡಿಸೋದು ಸುಲಭ ಅಲ್ಲ. ಬಂಗಾಳಿಯಲ್ಲಿ ಸಂಯುಕ್ತಾಕ್ಷರ ಹೆಚ್ಚಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತೆ. ನಮ್ಮ ಒತ್ತು ಕೆಳಗೆ ಇಳಿಯುತ್ತೆ. ‘ಶಾಸ್ತ್ರೀಯ’ ಅಂತ ಬರೆದು ನೋಡಿ: ಮೇಲೆ ಗುಡಿಸು, ಕೆಳಗೆ ಎರಡು ಒತ್ತು. ಸಾಲುಗಳ ನಡುವೆ ಜಾಗ ಬಿಡಲೇಬೇಕು. 1843ರ ‘ಮಂಗಳೂರ ಸಮಾಚಾರ’ಕ್ಕೆ ಈ ತಾಪತ್ರಯ ಇರಲಿಲ್ಲ, ಅದು ಕಲ್ಲಚ್ಚು, ಕೈಬರಹ ಹೇಗಿದೆಯೋ ಹಾಗೇ ಬರುತ್ತೆ.

ಈಗ ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲೋ ವೈಟ್‌ಫೀಲ್ಡ್‌ನಲ್ಲೋ ಕೂತು ನಾವು ಮಾಡೋದೇನು? ಇಂಗ್ಲಿಷಿಗೆ ಅಳತೆ ಹಾಕಿದ ಟೆಂಪ್ಲೇಟಿಗೆ ಕೊನೇ ವಾರ ಕನ್ನಡ ತುಂಬ್ತೀವಿ. ಲೈನ್-ಹೈಟ್ 1.2, ಓವರ್‌ಫ್ಲೋ ಹಿಡನ್. ಒತ್ತಿನ ಕಾಲು ಕಟ್! ಮೆನುವಿಗೆ ಅಪ್ಪರ್‌ಕೇಸ್ ಹಾಕಿದ್ರೆ ಕನ್ನಡದಲ್ಲಿ ಏನೂ ಆಗಲ್ಲ, ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ. ಶೀರ್ಷಿಕೆ ಅಂತ ಗೊತ್ತಾಗಬೇಕಾದರೆ ಗಾತ್ರ, ದಪ್ಪ, ಖಾಲಿ ಜಾಗ ಇವೇ ಗತಿ. ಊರಲ್ಲಿ ಅಮ್ಮ ಪಹಣಿ ನೋಡೋಕೆ, ಪಿಂಚಣಿ ಅರ್ಜಿ ಹಾಕೋಕೆ ತೆರೆಯೋದು ಇಂಥದೇ ಪುಟ. ಬಟನ್ ಮೇಲಿನ ಅಕ್ಷರ ಅರ್ಧ ಕಾಣಿಸಿದರೆ ಅವರು ಒತ್ತೋದೇ ಇಲ್ಲ, ಪಕ್ಕದ ಮನೆ ಹುಡುಗನನ್ನ ಕರೀತಾರೆ.

ನಾನೀಗ ಯಾವುದೇ ಮೆನು ಮಾಡಿದ್ರೂ ಮೊದಲು ‘ಹೋಮ್’ ಅಂತ ಹಾಕಲ್ಲ. ‘ಶಾಸ್ತ್ರೀಯ ಸ್ಥಾನಮಾನ’ ಅಂತ ಹಾಕಿ, ಲೈನ್-ಹೈಟ್ 1.6 ಇಟ್ಟು, ಮೊಬೈಲಿನಲ್ಲಿ ತೆರೆದು ನೋಡ್ತೀನಿ.