ಬೆಳಕು ಹಿಡಿದ ನಾಡಿ

ನಾಡಿ ಹಿಡಿದು ರೋಗ ಹೇಳುತ್ತಿದ್ದ ಪಂಡಿತರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಬೆಳಕಿಗೆ ಆ ವಿದ್ಯೆ ಕಲಿಸಿದವರು ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ. ಹೃದಯ ಎಷ್ಟು ರಕ್ತ ಹೊರದೂಡುತ್ತದೆಂದು ಅಳೆಯಲು ಅವರು ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಹಾಲೆಯ ಮೂಲಕ ಬೆಳಕು ಹಾಯಿಸುತ್ತಿದ್ದರು. ನಾಡಿಯ ಮಿಡಿತ ಲೆಕ್ಕ ಕೆಡಿಸುತ್ತಿತ್ತು. ಅದನ್ನು ತೊಲಗಿಸಲು ಹೊರಟಾಗಲೇ ಹೊಳೆಯಿತು: ಮಿಡಿಯುವುದು ಅಪಧಮನಿಯ ರಕ್ತ, ಕೆಂಪು ಮತ್ತು ಅವಗೆಂಪು ಬೆಳಕಿನಲ್ಲಿ ಆ ಮಿಡಿತವನ್ನು ಹೋಲಿಸಿದರೆ ಆಮ್ಲಜನಕದ ಪ್ರಮಾಣವೇ ಸಿಗುತ್ತದೆ! 1974ರಲ್ಲಿ ಪಲ್ಸ್ ಆಕ್ಸಿಮೀಟರಿನ ಈ ತತ್ವ ಬೆಳಕಿಗೆ ಬಂತು.

ಇದೇ ಬೆಳಕು ಗರ್ಭದ ಕೂಸನ್ನೂ ಕಾಯಬಾರದೇಕೆ? ಹೆರಿಗೆಯ ವೇಳೆ ಮಗುವಿನ ಕೆನ್ನೆಗೆ ತಾಗಿಸಿಡುವ ಸೆನ್ಸರಿಗೆ ಅಮೆರಿಕದಲ್ಲಿ 2000ದಲ್ಲಿ ಅನುಮತಿ ದೊರೆಯಿತು. ಅನಗತ್ಯ ಸಿಸೇರಿಯನ್‌ಗಳು ತಗ್ಗಬಹುದೆಂಬ ಆಸೆಯಿತ್ತು. 2006ರಲ್ಲಿ 5,341 ಚೊಚ್ಚಲ ಗರ್ಭಿಣಿಯರ ಅಧ್ಯಯನ ಪ್ರಕಟವಾಯಿತು. ವೈದ್ಯರಿಗೆ ಆಮ್ಲಜನಕದ ಅಂಕಿ ತೋರಿಸಿದರೂ ಮರೆಮಾಡಿದರೂ ಸಿಸೇರಿಯನ್ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂಕಿ ಸಿಕ್ಕಿತು, ಅದರಿಂದ ನಿರ್ಧಾರ ಬದಲಾಗಲಿಲ್ಲ.

ತಾಯಿಯ ಹೊಟ್ಟೆಯ ಮೇಲಿಂದಲೇ ಬೆಳಕು ಹಾಯಿಸಿ ಮಗುವಿನ ಆಮ್ಲಜನಕ ಅಳೆಯುವ ಪ್ರಯತ್ನ ಈಗ ನಡೆದಿದೆ. ಮರಳುವ ಬೆಳಕಿನಲ್ಲಿ ತಾಯಿಯ ನಾಡಿಯೇ ಜೋರು, ಮಗುವಿನದು ಪಿಸುಮಾತು. ಇದರ ಜೊತೆಗೆ ಚರ್ಮದ ಬಣ್ಣವೂ ಅಡ್ಡ ಬರುತ್ತದೆ. 2020ರ ಅಮೆರಿಕದ ಅಧ್ಯಯನವೊಂದರಲ್ಲಿ, ಬೆರಳಿಗೆ ಸಿಕ್ಕಿಸುವ ಸಾಧನ ಕಪ್ಪುಜನರ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಕಾಣದೆ ಹೋಗಿತ್ತು.

ಅಯೊಯಾಗಿ ತೀರಿಕೊಂಡದ್ದೂ ಅದೇ ವರ್ಷ. ಗದ್ದಲವೆಂದು ಬದಿಗೊತ್ತುವುದರಲ್ಲಿ ಅವರು ಜೀವ ಕಂಡರು. ಹೊಟ್ಟೆಗೆ ಕಟ್ಟುವ ನಾಳಿನ ಪಟ್ಟಿ ನಮ್ಮ ಎಣ್ಣೆಗೆಂಪಿನ, ಕಪ್ಪು ಬಣ್ಣದ ತಾಯಂದಿರ ಮೇಲೂ ಪರೀಕ್ಷೆಯಾಗಿಯೇ ಬರಲಿ. ಅಲ್ಲಿಯವರೆಗೆ ಅದು ಎಲ್ಲರ ನಾಡಿ ಬಲ್ಲದೆಂದು ನಂಬುವುದು ಹೇಗೆ?