ಚುಂಗ್ ಚಾವ್: ಮಹಾಮಾರಿಯನ್ನು ಮರೆಯದ ದ್ವೀಪ

ಹಾಂಗ್‌ಕಾಂಗ್‌ನ ಹದಿನೆಂಟು ಜಿಲ್ಲೆಗಳಲ್ಲಿ ವಿಸ್ತೀರ್ಣದಿಂದ ಅತಿ ದೊಡ್ಡದಾದ ದ್ವೀಪ ಜಿಲ್ಲೆಯಲ್ಲಿ ಲಾಂಟಾವ್‌ನಂತಹ ವಿಶಾಲ ದ್ವೀಪವೂ ಇದೆ, ಎರಡೂವರೆ ಚದರ ಕಿಲೋಮೀಟರಿನಷ್ಟೂ ಇಲ್ಲದ ಚುಂಗ್ ಚಾವ್ ಕೂಡ ಇದೆ. ಕ್ಯಾಂಟನೀಸ್ ಭಾಷೆಯಲ್ಲಿ ‘ಉದ್ದ ದ್ವೀಪ’ ಎಂಬ ಅರ್ಥವುಳ್ಳ ಈ ನೆಲವು, ಉತ್ತರ ಮತ್ತು ದಕ್ಷಿಣದ ಗುಡ್ಡಗಳನ್ನು ಅಲೆಗಳು ತಂದೊಡ್ಡಿದ ಮರಳಿನ ದಿಬ್ಬವು ಬೆಸೆದುದರಿಂದ ರೂಪುಗೊಂಡಿದ್ದು, ಪೇಟೆಯು ಆ ಮರಳಿನ ಪಟ್ಟಿಯ ಮೇಲೆಯೇ ಹಬ್ಬಿದೆ. ಅದರ ಪಶ್ಚಿಮಕ್ಕೆ ಮೀನುದೋಣಿಗಳು ತಂಗುವ ಬಂದರು, ಪೂರ್ವಕ್ಕೆ ತುಂಗ್ ವಾನ್ ಕಡಲತೀರ.

ತುಂಗ್ ವಾನ್ ಬಳಿಯ ಬಂಡೆಯ ಮೇಲಿರುವ ಸುಮಾರು 3000 ವರ್ಷ ಹಿಂದಿನ ಕೆತ್ತನೆಗಳು ಇಲ್ಲಿನ ಜನವಸತಿಯ ಪ್ರಾಚೀನತೆಯನ್ನು ಸೂಚಿಸುತ್ತವೆ. ದೋಣಿಯನ್ನೇ ಮನೆಯಾಗಿಸಿಕೊಂಡಿದ್ದ ತಾಂಕಾ ಜನರೂ ಚೀನಾದ ದಕ್ಷಿಣ ಕರಾವಳಿಯ ನಾನಾ ಕಡೆಗಳಿಂದ ಬಂದ ಮೀನುಗಾರರೂ ವ್ಯಾಪಾರಿಗಳೂ ಕಟ್ಟಿದ ಈ ಊರಿನಲ್ಲಿ, ಕಡಲಿನ ಕಾಟದಿಂದ ಕಾಯುವನೆಂದು ನಂಬಲಾದ ಉತ್ತರ ದಿಕ್ಕಿನ ದೇವರು ಪಾಕ್ ತಾಯ್‌ಗೆ 1783ರಲ್ಲಿ ಗುಡಿ ಎದ್ದಿತು. 1898ರಲ್ಲಿ ಬ್ರಿಟಿಷರು ಚೀನಾದಿಂದ 99 ವರ್ಷಗಳ ಗುತ್ತಿಗೆಗೆ ಪಡೆದ ಪ್ರದೇಶದಲ್ಲಿ ಈ ದ್ವೀಪವೂ ಸೇರಿತ್ತು.

ದ್ವೀಪದ ಹಿರಿಮೆಯಾದ ‘ಜಿಯು’ ಹಬ್ಬವು ಈ ಗುಡಿಯ ಅಂಗಳದಲ್ಲಿಯೇ ನಡೆಯುತ್ತದೆ. ಜಿಯು ಎಂದರೆ ತಾವೊ ಪಂಥದ ಪುರೋಹಿತರು ಊರಿನ ಕ್ಷೇಮಕ್ಕಾಗಿಯೂ ಅಲೆದಾಡುವ ಪ್ರೇತಗಳ ತೃಪ್ತಿಗಾಗಿಯೂ ನಡೆಸುವ ಶಾಂತಿಕರ್ಮ. ಚಿಂಗ್ ಅರಸರ ಕಾಲದಲ್ಲಿ ಸಾಂಕ್ರಾಮಿಕ ರೋಗದಿಂದ ತತ್ತರಿಸಿದ ಜನರು ಪಾಕ್ ತಾಯ್ ಗುಡಿಯ ಮುಂದೆ ವೇದಿಕೆ ಕಟ್ಟಿ, ದೇವರ ಮೂರ್ತಿಗಳನ್ನು ಓಣಿ ಓಣಿಗಳಲ್ಲಿ ಹೊತ್ತು ನಡೆದಾಗ ರೋಗವು ತೊಲಗಿತೆಂಬುದು ಸ್ಥಳೀಯರ ಪ್ರತೀತಿ. ಇಂದಿಗೂ ಹಬ್ಬದ ಮುಖ್ಯ ದಿನಗಳಲ್ಲಿ ದ್ವೀಪವು ಮೀನು, ಮಾಂಸಗಳನ್ನು ತೊರೆಯುತ್ತದೆ. ಮೀನುಗಾರಿಕೆಯಿಂದಲೇ ಬೆಳೆದ ಊರು ಹೀಗೆ ವ್ರತ ಹಿಡಿಯುವುದು ಸಣ್ಣ ಸಂಗತಿಯಲ್ಲ.

ಮೆರವಣಿಗೆಯ ‘ಪಿಯು ಸಿಕ್’ ಎಂಬ ಭಾಗದಲ್ಲಿ, ಉಡುಪಿನೊಳಗೆ ಮರೆಯಾಗಿರುವ ಕಬ್ಬಿಣದ ಆಸರೆಯ ಮೇಲೆ ನಿಂತ ಪುಟ್ಟ ಮಕ್ಕಳು ಜನರ ತಲೆಗಳ ಮೇಲೆ ಗಾಳಿಯಲ್ಲಿ ತೇಲುವಂತೆ ಕಾಣುತ್ತಾರೆ. ‘ಪಿಂಗ್ ಆನ್’, ಅಂದರೆ ಕ್ಷೇಮ, ಎಂಬ ಕೆಂಪು ಮುದ್ರೆಯೊತ್ತಿದ ಬನ್ನುಗಳನ್ನು ಗೋಪುರಗಳಿಗೆ ಪೇರಿಸಿ ಅರ್ಪಿಸಿದ ಬಳಿಕ ಜನರಿಗೆ ಹಂಚುವುದು ವಾಡಿಕೆ. ಗೋಪುರವನ್ನೇರಿ ಬನ್ನು ಕೀಳುವ ಸ್ಪರ್ಧೆಯು 1978ರಲ್ಲಿ ಗೋಪುರ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡ ಮೇಲೆ ನಿಂತುಹೋಗಿ, 2005ರಲ್ಲಿ ಸುರಕ್ಷತಾ ಕ್ರಮಗಳೊಡನೆ ಮರಳಿತು. 2011ರಲ್ಲಿ ಚೀನಾ ಈ ಹಬ್ಬವನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ರೋಗದ ಈ ನೆನಪು ಕನ್ನಡಿಗರಿಗೆ ಅಪರಿಚಿತವಾದುದಲ್ಲ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಪ್ಲೇಗ್, ಅಲೆಕ್ಸಾಂಡರ್ ಯೆರ್ಸಿನ್ ಅದೇ ನಗರದಲ್ಲಿ ಅದರ ರೋಗಾಣುವನ್ನು ಗುರುತಿಸಿದ ಮೇಲೂ ತಡೆಯಿಲ್ಲದೆ ಸಾಗಿ, 1896ರಲ್ಲಿ ಮುಂಬಯಿಯನ್ನೂ 1898ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ವೇಗವಾಗಿ ಬೆಳೆದುದಕ್ಕೂ, ಪ್ಲೇಗ್ ಮಾರಮ್ಮನ ಹೆಸರಿನ ಗುಡಿಗಳು ತಲೆಯೆತ್ತಿದುದಕ್ಕೂ ಆ ಪಿಡುಗೇ ಕಾರಣ. ಚುಂಗ್ ಚಾವ್‌ನ ಪ್ರತೀತಿಯು ಅದಕ್ಕಿಂತ ಹಿಂದಿನದಾಗಿರಬಹುದಾದರೂ, ವೈದ್ಯಕ್ಕೆ ಮಣಿಯದ ರೋಗವನ್ನು ದೇವರ ಮೊರೆಹೋಗಿ ಎದುರಿಸಿದ ಬಗೆ ಎರಡೂ ಕಡೆ ಒಂದೇ.

ನಗರದ ಸೆಂಟ್ರಲ್ ಬಂದರಿನಿಂದ ಹಡಗಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಈ ದ್ವೀಪದಲ್ಲಿ ಖಾಸಗಿ ಕಾರುಗಳಿಲ್ಲ. ಕಾಲ್ನಡಿಗೆಯಲ್ಲಿಯೇ ಕಡಲತೀರಗಳನ್ನೂ, 1810ರಲ್ಲಿ ಶರಣಾದ ಕಡಲ್ಗಳ್ಳ ಚುಂಗ್ ಪೋ ಚಾಯ್‌ನ ಹೆಸರು ಹೊತ್ತ ಗುಹೆಯನ್ನೂ ನೋಡಬಹುದು. ಚೀನೀ ಪಂಚಾಂಗದ ನಾಲ್ಕನೆಯ ತಿಂಗಳ ಎಂಟನೆಯ ದಿನ, ಬುದ್ಧ ಜಯಂತಿಯ ರಜೆಯಂದು, ಮೆರವಣಿಗೆಯು ಹೊರಡುವುದರಿಂದ ಹಾಂಗ್‌ಕಾಂಗ್‌ನ ಕನ್ನಡ ಕುಟುಂಬಗಳು ಮಕ್ಕಳೊಡನೆ ಅಲ್ಲಿಗೆ ಹೋಗಿ, ಪಾಕ್ ತಾಯ್‌ನ ಕಥೆಯ ಜೊತೆಗೆ ಪ್ಲೇಗ್ ಮಾರಮ್ಮನ ಕಥೆಯನ್ನೂ ಅವರಿಗೆ ಹೇಳಬೇಕು.