ಮದುವೆಯ ಪುಸ್ತಕ: ಕರಾವಳಿಯ ಇಗರ್ಜಿಗಳ ಒಂದು ಹಳೆಯ ಕಥೆ

ಪವಿತ್ರ ಕುಟುಂಬದ ಹಬ್ಬದ ದಿನಗಳಲ್ಲಿ ಸಂತ ಜೋಸೆಫರೂ ಮಾತೆ ಮರಿಯಮ್ಮನವರೂ ಬೆತ್ಲೆಹೇಮಿಗೆ ಹೋದದ್ದನ್ನು ನೆನೆಯುತ್ತೇವೆ. ಅವರು ಹೋದದ್ದು ಹೆಸರು ಬರೆಸುವುದಕ್ಕಾಗಿ. ತುಂಬು ಗರ್ಭಿಣಿಯನ್ನು ಕರೆದುಕೊಂಡು ಅಷ್ಟು ದೂರ ನಡೆದ ಆ ಬಡಗಿಯನ್ನು ನೆನೆದರೆ, ಮದುವೆಗೆ ಮುಂಚೆ ಎರಡು ಮೂರು ಕಾಗದಗಳಿಗಾಗಿ ಧರ್ಮಕೇಂದ್ರದ ಕಚೇರಿಗೆ ಅಲೆಯಬೇಕಲ್ಲ ಎಂದು ಗೊಣಗುವ ನಮ್ಮ ಯುವಕರು ಸ್ವಲ್ಪ ಸಮಾಧಾನ ಪಟ್ಟುಕೊಳ್ಳಬಹುದು.

ಜ್ಞಾನಸ್ನಾನದ ಪತ್ರ, ಹಿಂದೆ ಮದುವೆಯಾಗಿಲ್ಲವೆಂಬ ಪತ್ರ, ತಯಾರಿ ಶಿಬಿರದ ಪತ್ರ, ಬಲಿಪೂಜೆಯಲ್ಲಿ ಓದುವ ಪ್ರಕಟಣೆ, ಕೊನೆಗೆ ಇಬ್ಬರು ಸಾಕ್ಷಿಗಳ ಸಹಿ. ಇವೆಲ್ಲ ಎಲ್ಲಿಂದ ಬಂದವು?

ಸುಮಾರು 450 ವರ್ಷಗಳ ಹಿಂದಿನವರೆಗೆ ಗಂಡು ಹೆಣ್ಣು ಇಬ್ಬರೂ ಒಪ್ಪಿ ಮಾತು ಕೊಟ್ಟರೆ ಅದೇ ಮದುವೆ. ಧರ್ಮಸಭೆ ಗುಟ್ಟಿನ ಮದುವೆಯನ್ನು ಖಂಡಿಸುತ್ತಿತ್ತು, ಆದರೆ ಅದು ಮದುವೆಯೇ ಅಲ್ಲ ಎನ್ನುತ್ತಿರಲಿಲ್ಲ. ಇದರ ಪರಿಣಾಮವನ್ನು ಅನುಭವಿಸಿದವರು ಹೆಚ್ಚಾಗಿ ಹೆಂಗಸರು. ಕತ್ತಲಲ್ಲಿ ಮಾತು ಕೊಟ್ಟವನು ಬೆಳಕಿನಲ್ಲಿ ‘ನಾನು ಕೊಟ್ಟೇ ಇಲ್ಲ’ ಎಂದರೆ ಆಕೆಯ ಪರವಾಗಿ ಹೇಳುವವರು ಯಾರು? ಅವನು ಇನ್ನೊಬ್ಬಳ ಜೊತೆ ಎಲ್ಲರೆದುರು ಮದುವೆಯಾಗಿ ಸುಖವಾಗಿರುತ್ತಿದ್ದ. 1563ರ ನವೆಂಬರಿನಲ್ಲಿ ಟ್ರೆಂಟ್ ಮಹಾಸಭೆ ಇದಕ್ಕೆ ಕೊನೆ ಹಾಡಿತು. ಮೂರು ಹಬ್ಬದ ದಿನಗಳಲ್ಲಿ ಬಲಿಪೂಜೆಯ ವೇಳೆ ಪ್ರಕಟಣೆ ಓದಬೇಕು. ವಿಚಾರಣಾ ಗುರುಗಳು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಗೆ ನಡೆಯಬೇಕು, ಇಲ್ಲವಾದರೆ ಮದುವೆಯೇ ಅಸಿಂಧು. ದಂಪತಿಗಳ ಮತ್ತು ಸಾಕ್ಷಿಗಳ ಹೆಸರು, ದಿನ, ಸ್ಥಳಗಳನ್ನು ಗುರುಗಳು ಒಂದು ಪುಸ್ತಕದಲ್ಲಿ ಬರೆದು ಜೋಪಾನ ಮಾಡಬೇಕು. ಇಬ್ಬರ ಒಪ್ಪಿಗೆಯನ್ನು ಅಸಿಂಧು ಎನ್ನಲು ಧರ್ಮಸಭೆಗೆ ಅಧಿಕಾರವಿದೆಯೇ ಎಂದು ಮಹಾಸಭೆಯಲ್ಲಿ ಅನೇಕ ಧರ್ಮಾಧ್ಯಕ್ಷರು ವಿರೋಧಿಸಿದರು. ಆದರೂ ನಿಯಮ ಜಾರಿಗೆ ಬಂತು. ಮದುವೆಯ ಪುಸ್ತಕ ಹುಟ್ಟಿದ್ದು ಹೀಗೆ, ಕೈಬಿಟ್ಟ ಹೆಂಗಸಿಗೆ ಒಂದು ಸಾಕ್ಷಿಯಾಗಿ.

ಪೋರ್ಚುಗಲ್ ದೇಶ ಟ್ರೆಂಟಿನ ನಿಯಮಗಳನ್ನು ಬೇಗನೆ ಒಪ್ಪಿಕೊಂಡಿತು. 1567ರ ಗೋವಾ ಪ್ರಾಂತೀಯ ಸಭೆ ಅವನ್ನು ಈ ಕಡೆಗೆ ತಂದಿತು. ಮರುವರ್ಷವೇ, 1568ರಲ್ಲಿ, ಮಂಗಳೂರಿನಲ್ಲಿ ರೊಜಾರಿಯೊ ಇಗರ್ಜಿ ಎದ್ದಿತು. ನಿಯಮ ಬರೆದವರು ಇಟಲಿಯ ಗುಡ್ಡಗಾಡಿನ ಊರಿನಲ್ಲಿ ಕುಳಿತಿದ್ದರು. ಅದನ್ನು ಪಾಲಿಸಬೇಕಾದವರು ಹೊನ್ನಾವರ, ಗಂಗೊಳ್ಳಿ, ಕಲ್ಯಾಣಪುರ, ಉಳ್ಳಾಲದವರು. ಒಂದೊಂದು ಊರಿನ ನಡುವೆಯೂ ಸೇತುವೆಯಿಲ್ಲದ ಹೊಳೆ. ಜೂನ್ ಬಂತೆಂದರೆ ಕಡಲು ಮುಚ್ಚುತ್ತದೆ, ದೋಣಿ ದಡಕ್ಕೇರುತ್ತದೆ. ವರನ ಊರಿನ ಗುರುಗಳಿಂದ ವಧುವಿನ ಊರಿಗೆ ಒಂದು ಚೀಟಿ ಬರಬೇಕಾದರೂ ಯಾರೋ ಒಬ್ಬ ಹೊಳೆ ದಾಟಿಕೊಂಡು ನಡೆಯಬೇಕು.

ಇನ್ನು ನೆಂಟಸ್ತಿಕೆಯ ತೊಡಕು. ಅಕ್ಕಪಕ್ಕದ ಮನೆಗಳಲ್ಲಿ ಸೋದರಮಾವನ ಮಗಳನ್ನು ತರುವುದು ಮೊದಲಿನಿಂದ ಬಂದ ರೂಢಿ. ಆದರೆ ಧರ್ಮಸಭೆ ಆಗ ನಾಲ್ಕನೆಯ ತಲೆಮಾರಿನವರೆಗಿನ ರಕ್ತಸಂಬಂಧದಲ್ಲಿ ಮದುವೆಯನ್ನು ತಡೆದಿತ್ತು. ಸಣ್ಣ ಊರಿನಲ್ಲಿ ಯಾರು ಯಾರಿಗೆ ನೆಂಟರಲ್ಲ? ವಿನಾಯಿತಿಯ ಅಪ್ಪಣೆ ಮೇಲಿನಿಂದ ಬರಬೇಕು, ಕೆನರಾ ಆಗ ಗೋವಾದ ಅಧೀನ. ಹಾಗಾಗಿ ದಿನ ಗೊತ್ತುಮಾಡುವುದು ಹಿರಿಯರ ಕೈಯಲ್ಲಿ ಮಾತ್ರ ಇರಲಿಲ್ಲ, ಮಳೆಯ ಕೈಯಲ್ಲೂ ಇತ್ತು. ಆಗಮನ ಕಾಲದಲ್ಲಿ, ತಪಸ್ಸು ಕಾಲದಲ್ಲಿ ಮದುವೆಯ ಸಡಗರ ನಿಷಿದ್ಧ. ಉಳಿದದ್ದು ಮುಖ್ಯವಾಗಿ ಮೂರು ರಾಜರ ಹಬ್ಬದಿಂದ ವಿಭೂತಿ ಬುಧವಾರದವರೆಗೆ, ಮತ್ತು ಪಾಸ್ಖದ ನಂತರ ಮಳೆ ಹಿಡಿಯುವವರೆಗೆ.

1784ರ ವಿಭೂತಿ ಬುಧವಾರ ನಮ್ಮ ಜನರಿಗೆ ಮರೆಯಲಾಗದ ದಿನ. ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸಂಖ್ಯೆಯನ್ನು 30,000 ಎನ್ನುವವರೂ ಇದ್ದಾರೆ, 60,000 ಎನ್ನುವವರೂ ಇದ್ದಾರೆ. 27 ಇಗರ್ಜಿಗಳನ್ನು ಕೆಡವಲಾಯಿತು, ಗುರುಗಳನ್ನು ಗಡೀಪಾರು ಮಾಡಲಾಯಿತು. ಈ ಕಥೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ನಾನು ಯೋಚಿಸುವುದು ಒಂದು ಸಣ್ಣ ಸಂಗತಿಯನ್ನು. ವಿಭೂತಿ ಬುಧವಾರವೆಂದರೆ ಮದುವೆಯ ಕಾಲ ಮುಗಿದ ಮರುದಿನ. ಆ ಸಾಲಿನಲ್ಲಿ ನಡೆದವರ ನಡುವೆ ವಾರದ ಹಿಂದಷ್ಟೇ ಮದುವೆಯಾದ ಹುಡುಗಿಯರು ಇರಲೇಬೇಕು. ಅವರ ಹೆಸರು ಬರೆದಿದ್ದ ಪುಸ್ತಕಗಳ ಗತಿಯನ್ನು, ಕೆಡವಿದ ಇಗರ್ಜಿಯ ಕಪಾಟಿನಲ್ಲಿದ್ದವುಗಳ ಗತಿಯನ್ನು, ಓದುಗರೇ ಊಹಿಸಿಕೊಳ್ಳಬಹುದು.

ಸೆರೆ 15 ವರ್ಷ ನಡೆಯಿತು. ಮಕ್ಕಳಾಗಿ ಹೋದವರು ಅಲ್ಲಿ ಮದುವೆಯ ವಯಸ್ಸಿಗೆ ಬಂದರು. ಗುರುಗಳಿಲ್ಲ, ಪುಸ್ತಕವಿಲ್ಲ. ಹಾಗಾದರೆ ಅಂಥವರ ಮದುವೆ ಮದುವೆಯೇ? ಗುರುಗಳು ಸಿಗುವ ದಾರಿಯೇ ಇಲ್ಲದಿದ್ದಾಗ ಸಾಕ್ಷಿಗಳ ಮುಂದೆ ಕೊಟ್ಟ ಒಪ್ಪಿಗೆ ಸಿಂಧು ಎಂದು ಧರ್ಮಶಾಸ್ತ್ರ ಬಲ್ಲವರು ಹೇಳುತ್ತಿದ್ದರು. ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ ಗುರುಗಳನ್ನು ಕಳೆದುಕೊಂಡಿದ್ದ ಜನರಿಗೆ ರೋಮ್ ಕೊಟ್ಟ ಉತ್ತರವೂ ಅದೇ. ನಿಯಮವನ್ನು ಬರೆದ ಧರ್ಮಸಭೆ ನಿಯಮ ನಿಲುಕದ ಕಡೆ ಜನರ ಮಾತನ್ನು ನಂಬಿತು.

ಹೆಚ್ಚು ಕಷ್ಟದ ಪ್ರಶ್ನೆ 1799ರಲ್ಲಿ ಎದ್ದಿತು. ಶ್ರೀರಂಗಪಟ್ಟಣ ಬಿದ್ದು ಜನ ಊರಿಗೆ ಮರಳಿದಾಗ ಎಲ್ಲರೂ ಮರಳಲಿಲ್ಲ. ದಾರಿಯಲ್ಲಿ ಸತ್ತವರು, ಸೈನ್ಯಕ್ಕೆ ಸೇರಿಸಲ್ಪಟ್ಟವರು, ಬಲವಂತವಾಗಿ ಮತಾಂತರವಾದವರು ಹೀಗೆ ಅನೇಕರು. ಒಂಟಿಯಾಗಿ ಬಂದ ಹೆಂಗಸು ವಿಧವೆಯೋ ಮುತ್ತೈದೆಯೋ? ಗಂಡ ಸತ್ತದ್ದನ್ನು ಕಂಡವರಿಲ್ಲದೆ ಆಕೆಗೆ ಮರುಮದುವೆಯಿಲ್ಲ. ಮೊದಲ ಮದುವೆಗೂ ದಾಖಲೆಯಿಲ್ಲ. ಆಗ ನೆರವಿಗೆ ಬರುವುದು ಹಿರಿಯರ ನೆನಪು ಮಾತ್ರ. ಯಾರ ಮಗಳು, ಯಾರ ಮನೆಗೆ ಕೊಟ್ಟಿತ್ತು, ಗಂಡನನ್ನು ಕೊನೆಗೆ ಕಂಡವರು ಯಾರು ಎಂದು ಪ್ರಮಾಣ ಮಾಡಿ ಹೇಳಬಲ್ಲವರು ಬೇಕಾಗುತ್ತಿದ್ದರು. ಘಟ್ಟದ ಮೇಲೆ ಉಳಿದವರನ್ನು ಒಟ್ಟುಗೂಡಿಸುವ ಕೆಲಸ ಅಬ್ಬೆ ದ್ಯುಬುವಾ ಸ್ವಾಮಿಗಳಿಗೆ ಬಂತು. ಕರಾವಳಿಯಲ್ಲಿ ಮಿಲಾಗ್ರಿಸ್ 1811ರಲ್ಲಿ, ರೊಜಾರಿಯೊ 1813ರಲ್ಲಿ ಮತ್ತೆ ಎದ್ದವು.

1838ರಲ್ಲಿ ರೋಮ್ ಪೋರ್ಚುಗಲಿನ ಪಾದ್ರುವಾದೊ ಹಕ್ಕನ್ನು ಮೊಟಕುಗೊಳಿಸಿದಾಗ ಗೋವಾದ ಪಕ್ಷ, ರೋಮಿನ ಪಕ್ಷ ಎಂದು ಜನ ಒಡೆದರು. ಮದುವೆ ಮಾಡಿಸಿದ ಗುರುಗಳಿಗೆ ಅಧಿಕಾರವಿತ್ತೇ ಎಂಬ ವಾದಕ್ಕೆ ದಾರಿಯಾಯಿತು. ಈ ಜಗಳದ ವಿವರ ಇಲ್ಲಿ ಬೇಡ, 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಗುವ ಹೊತ್ತಿಗೆ ಅದು ತಣ್ಣಗಾಗುತ್ತಾ ಬಂತು.

ಸರ್ಕಾರ ನಮ್ಮ ಪುಸ್ತಕದೊಳಗೆ ಬಂದದ್ದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಿಂದ. ಕಥೋಲಿಕ ಮದುವೆಯನ್ನು ಆಯಾ ಧರ್ಮಾಧ್ಯಕ್ಷರು ಹೇಳಿದ ನಮೂನೆಯಲ್ಲಿಯೇ ಬರೆಯತಕ್ಕದ್ದೆಂದು ಅದರ 30ನೆಯ ಕಲಮು ಹೇಳುತ್ತದೆ. ಮೂರು ತಿಂಗಳಿಗೊಮ್ಮೆ ವಿವರವನ್ನು ಸರ್ಕಾರಕ್ಕೆ ಕಳುಹಿಸಬೇಕು. ಹಳ್ಳಿಯ ಗುರುಗಳ ಮಸಿ ಹತ್ತಿದ ಪುಸ್ತಕಕ್ಕೆ ಕೋರ್ಟಿನಲ್ಲಿ ಬೆಲೆ ಬಂದದ್ದು ಹೀಗೆ. ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಮದುವೆ ನಡೆಯಬೇಕು, ಅದಕ್ಕೆ ಹೊರತಾದರೆ ಧರ್ಮಾಧ್ಯಕ್ಷರ ಲೈಸೆನ್ಸ್ ಬೇಕು ಎಂಬ 10ನೆಯ ಕಲಮನ್ನು, ಹಾಲಿನ ಬುಕಿಂಗ್ ನೋಡಿ ಮುಹೂರ್ತ ಇಡುವವರು ಒಮ್ಮೆ ಓದುವುದು ಒಳ್ಳೆಯದು.

1908ರ ಪಾಸ್ಖ ಹಬ್ಬದಿಂದ ಹೊಸದೊಂದು ಕಟ್ಟಳೆ ಬಂತು. ಮದುವೆಯಾದದ್ದನ್ನು ಅವರವರ ಜ್ಞಾನಸ್ನಾನದ ಪುಸ್ತಕದಲ್ಲಿಯೂ ಗುರುತು ಹಾಕಬೇಕು. ಒಂದು ತಿಂಗಳವರೆಗೆ ಗುರುಗಳು ಸಿಗದ ಕಡೆ ಇಬ್ಬರು ಸಾಕ್ಷಿಗಳು ಸಾಕು ಎಂಬುದನ್ನೂ ಅಂದೇ ಸ್ಪಷ್ಟವಾಗಿ ಬರೆಯಲಾಯಿತು. 1917ರ ಧರ್ಮಸಭೆಯ ಕಾನೂನು ಪುಸ್ತಕಗಳ ನಕಲನ್ನು ವರ್ಷಕ್ಕೊಮ್ಮೆ ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಲು ಹೇಳಿತು. ಒಂದು ಸುಟ್ಟರೆ ಇನ್ನೊಂದು ಇರಲಿ ಎಂದು. ಈ ಬುದ್ಧಿ 1784ಕ್ಕೆ ಮುಂಚೆ ಇಲ್ಲಿ ಇದ್ದಿದ್ದರೆ!

2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಧರ್ಮದವರ ಮದುವೆಯನ್ನೂ ನೋಂದಾಯಿಸಬೇಕೆಂದು ಹೇಳಿದಾಗ ಅದರ ಮುಖ್ಯ ಕಾರಣವೂ ಟ್ರೆಂಟಿನ ಕಾರಣದಂಥದ್ದೇ, ಹೆಂಗಸರ ರಕ್ಷಣೆ. ಕೊಲ್ಲಿ ದೇಶದಲ್ಲಿ ದುಡಿಯುವ ಗಂಡನ ಬಳಿಗೆ ಹೋಗಲು ವೀಸಾ ಬೇಕಾದಾಗ ಆ ಕಾಗದದ ಬೆಲೆ ತಿಳಿಯುತ್ತದೆ. ಹಳೆಯ ದಾಖಲೆ ಕೇಳಲು ಬರುವವರು ಹೆಸರಿನ ಜೊತೆಗೆ ವರ್ಷ, ತಂದೆತಾಯಿಯರ ಹೆಸರು, ಮನೆಯ ಹೆಸರು ತಿಳಿದುಕೊಂಡು ಬಂದರೆ ಉಪಕಾರ. ಒಂದೇ ಪುಸ್ತಕದಲ್ಲಿ ಎಷ್ಟು ಮಂದಿ ಮರಿಯಾ ಡಿಸೋಜರಿದ್ದಾರೆಂದು ಹುಡುಕಿದವರಿಗೆ ಗೊತ್ತು. ಕಾಗುಣಿತ ತಪ್ಪಿದೆಯೆಂದು ಗುರುಗಳಿಂದ ಅಕ್ಷರ ಅಳಿಸಲು ಹೇಳಬೇಡಿ. ತಿದ್ದುಪಡಿಯನ್ನು ಅಪ್ಪಣೆ ಪಡೆದು ಅಂಚಿನಲ್ಲಿ ಬರೆಯುತ್ತಾರೆ.

ಆ ಅಂಚಿನಲ್ಲಿಯೇ ಮದುವೆಯ ಗುರುತೂ ಬರುತ್ತದೆ. ಇಲ್ಲಿ ಜ್ಞಾನಸ್ನಾನ ಪಡೆದ ಹುಡುಗಿ ಮುಂಬಯಿಯಲ್ಲೋ ಕುವೈತಿನಲ್ಲೋ ಮದುವೆಯಾದರೆ ಅಲ್ಲಿಂದ ತಿಳಿವಳಿಕೆಯ ಪತ್ರ ಬರುತ್ತದೆ. ಗುರುಗಳು ಕಪಾಟು ತೆರೆದು ಇಪ್ಪತ್ತೈದು ವರ್ಷದ ಹಿಂದಿನ ಪುಸ್ತಕ ತೆಗೆದು, ಅವಳ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ವರನ ಹೆಸರು, ಊರು, ತಾರೀಖು ಬರೆದು ಸಹಿ ಹಾಕುತ್ತಾರೆ.